ಗಡಿ ಮುಚ್ಚಿದ ದಿನ

ಶನಿವಾರ, ನವೆಂಬರ್ 15

ಆ ಪ್ರಶ್ನೆ ಕೇಳಿದ್ದು ಯಾರು? ಊಟ ಮಾಡುವಾಗಲೂ ಅದೇ ಯೋಚನೆ, ಈಗಲೂ ಅದೇ.

ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ದೇಶವಾಗಿ ಕೂತು ವಾದಿಸುವ ಇವತ್ತಿನ ಅಣಕು ವಿಶ್ವಸಂಸ್ಥೆಯಲ್ಲಿ ನನ್ನದು ಗಡಿ ಮುಚ್ಚುವ ದೇಶ. ನಿರಾಶ್ರಿತರಿಗೆ ಕೊಟ್ಟ ತಾತ್ಕಾಲಿಕ ಆಶ್ರಯ ಮುಗಿಯಿತು, ವಾಪಸ್ ಹೋಗಲಿ ಎಂದು ವಾದಿಸಬೇಕಿತ್ತು. ವಾದಿಸಿದೆ. ದರಿದ್ರ, ತುಂಬಾ ಚೆನ್ನಾಗಿಯೇ ವಾದಿಸಿದೆ.

ಆದರೆ ಹಾಲ್ ಅದೇ ಹಾಲ್. ಬೆಟ್ಟ ಕುಸಿದು ಮನೆ ಹೋದ ವರ್ಷ, ನಾನಿನ್ನೂ ಚಿಕ್ಕವಳಿದ್ದಾಗ, ನಾವೆಲ್ಲ ಚಾಪೆ ಹಾಕಿಕೊಂಡು ಮಲಗಿದ್ದು ಅಲ್ಲೇ. ಮರೆಗೆಂದು ಅಮ್ಮ ಸೀರೆ ಕಟ್ಟಿದ್ದ ಮೊಳೆ ಇನ್ನೂ ಕಿಟಕಿಯ ಪಕ್ಕ ಇದೆ. ಮಾತಾಡುತ್ತಾ ಅದನ್ನೇ ನೋಡಿದೆ. ಒದ್ದೆ ಕಂಬಳಿಯ ವಾಸನೆ ಬಂತು. ಹೊರಗೆ ಚುರುಚುರು ಬಿಸಿಲು.

ಆಗಲೇ ಕೇಳಿಸಿದ್ದು. ಎಲ್ಲರೂ ಇಂಗ್ಲಿಷ್ ಮಾತಾಡುವ ಕಡೆ, ಕನ್ನಡದಲ್ಲಿ, ಯಾವುದೋ ಮಗುವಿನ ದನಿ:

"ಹಂಗಾದ್ರೆ ಇವತ್ತು ರಾತ್ರಿ ನಾವು ಎಲ್ಲಿ ಮಲಗೋದು?"

ಎಲ್ಲರೂ ನನ್ನನ್ನೇ ನೋಡಿದರು. ಉತ್ತರಕ್ಕೆ ಕಾಯುತ್ತಿದ್ದಾರೆ ಎಂದುಕೊಂಡೆ. ಭಾಷಣ ಮುಗಿಸಿ ಕೂತೆ. ನಿರ್ಣಯ ಪಾಸಾಯಿತು.

ಪಕ್ಕದ ದೇಶವಾಗಿ ಕೂತಿದ್ದ ತನ್ಮಯಿಯನ್ನು ಬಸ್ಸಿನಲ್ಲಿ ಕೇಳಿದೆ, "ಆ ಮಗು ಯಾರದ್ದೇ?"

"ಯಾವ ಮಗು? ನೀನೇ ಅಲ್ವಾ ಮೈಕಲ್ಲಿ ಕೇಳಿದ್ದು? ಬೇಕು ಅಂತಲೇ ದನಿ ಬದಲಾಯಿಸ್ದೆ ಅಂದ್ಕೊಂಡೆ. ಸಖತ್ತಾಗಿತ್ತು ಕಣೇ."

ನಾನಲ್ಲ. ನಾನು ಬಾಯಿ ತೆರೆದದ್ದು ನನಗೆ ಗೊತ್ತಾಗುವುದಿಲ್ಲವೇ?

ದೀಪ ಆರಿಸಿ ಮಲಗು ಎಂದು ಅಮ್ಮ ಕೂಗುತ್ತಿದ್ದಾಳೆ. ಇಡೀ ದಿನ ಬಿಸಿಲಿಗೆ ಹಾಕಿದ್ದ ಕಂಬಳಿಯನ್ನು ಅವಳೇ ತಂದು ಹಾಸಿಗೆಯ ಮೇಲೆ ಇಟ್ಟಿದ್ದಾಳೆ.

ಈಗ ಮುಟ್ಟಿ ನೋಡಿದೆ. ಒದ್ದೆಯಾಗಿದೆ.