ಹೆಸರು ಬರದಿದ್ದರೆ ಸಾಕು

ಸೆಪ್ಟೆಂಬರ್ 28, ಶನಿವಾರ. ಮಧ್ಯಾಹ್ನ 2.40

ಮತ್ತೆ ಗೋದಾಮಿನ ಮುಂದೆ ಸಾಲು. ನನ್ನ ಲಾರಿಯ ಮುಂದೆ ಇನ್ನೂ ಹನ್ನೊಂದು, ಎಲ್ಲದರಲ್ಲೂ ಮೆಕ್ಕೆಜೋಳ. ಸುಗ್ಗಿಯಲ್ಲಿ ಮೂರು ಗಂಟೆ ದಾರಿ ಹೋಗಿ ಮಗನ ಅಮೆರಿಕನ್ ಫುಟ್‌ಬಾಲ್ ಆಟ ನೋಡುವುದು ಎಲ್ಲಿಂದ ಬಂತು? ಫೋನಿನಲ್ಲಿ ಕಾಲೇಜಿನ ಸ್ಕೋರ್ ಪುಟವೇ ಗತಿ. ತೆರೆದರೆ ಮೊದಲು ಹಾಸಿಗೆಯ ಜಾಹೀರಾತು. ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟು. ಬೆರಳು ತಪ್ಪಿದರೆ ಹಾಸಿಗೆ ಅಂಗಡಿಗೇ ಕರೆದೊಯ್ಯುತ್ತದೆ. ಮೂರು ಸಲ ಹೋಗಿ ಬಂದೆ.

ಬೇರೆ ತಾಯಂದಿರು ಮಗನ ಹೆಸರು ಬರಲಿ ಅಂತ ನೋಡುತ್ತಾರೆ. ನಾನು ಬಾರದಿರಲಿ ಅಂತ. ನನ್ನ ಮಗ ಕೋಲ್ಬಿಯ ಕೆಲಸ ಒಂದೇ — ಬಗ್ಗಿ ನಿಂತು, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದೆ ದೂರ ನಿಂತ ಒದೆಯುವವನ ಕೈಗೆ ಎಸೆಯುವುದು. ಸರಿಯಾಗಿ ಎಸೆದರೆ ಒದ್ದವನ ಹೆಸರು. ತಪ್ಪಿದರೆ ಮಾತ್ರ ಇವನದು. ಅಡುಗೆಯ ಉಪ್ಪಿನ ಹಾಗೆ, ಹದವಾಗಿದ್ದರೆ ಯಾರೂ ಕೇಳುವುದಿಲ್ಲ. ಮೂರು ವರ್ಷ ಅವನ ಹೆಸರು ಬಂದಿರಲಿಲ್ಲ.

ಇವತ್ತು ಬಂತು. ಚೆಂಡು ಒದೆಯುವವನ ತಲೆ ಮೇಲೆ ಹಾರಿ ಹಿಂದಿನ ಗೆರೆಯಾಚೆ... ಎದುರಾಳಿಗೆ ಎರಡು ಅಂಕ. ಸೋತದ್ದೂ ಎರಡೇ ಅಂಕದಿಂದ.

ಅಕ್ಟೋಬರ್ 1, ಮಂಗಳವಾರ

ಕೋಲ್ಬಿ ಫೋನ್ ಮಾಡಿದ್ದ.

"ಅಮ್ಮಾ, ಇನ್ನೊಂದೇ ಅವಕಾಶ ಅಂದ್ರು ಕೋಚ್. ಮತ್ತೆ ತಪ್ಪಿದ್ರೆ ಆ ಜಾಗ ಮೊದಲ ವರ್ಷದವನಿಗೆ. ನೀನು ಆ ಪುಟ ನೋಡ್ತಾ ಕೂರಬೇಡ."

"ನಾನ್ಯಾಕೆ ನೋಡ್ಲಿ? ನಂಗೇನು ಕೆಲಸ ಇಲ್ವಾ?"

ಸುಳ್ಳು ಎಷ್ಟು ಸಲೀಸಾಗಿ ಬಂತು!

ಅಕ್ಟೋಬರ್ 12, ಶನಿವಾರ. ಮಧ್ಯಾಹ್ನ 1.50

ಹೋದ ವಾರ ಆಟವಿರಲಿಲ್ಲ. ಪುಟಕ್ಕೆ ಇವತ್ತಿನ ಆಟ ಇನ್ನೂ ಗೊತ್ತಿಲ್ಲ. ಹಳೆಯ ಸೋಲನ್ನೇ ತೋರಿಸುತ್ತಿದೆ, ಅವನ ಹೆಸರಿನ ಸಮೇತ. ಆರು ಸಲ ತೆರೆದು ಮುಚ್ಚಿದ ಮೇಲೆ ಇವತ್ತಿನದು ಬಂತು. 10–10.

ಹೊಲದಲ್ಲಿ ಕೊಯ್ಲಿನ ಯಂತ್ರ ಓಡಿಸುತ್ತಿರುವ ಗಂಡ ಮಿಲೊ, ಐದು ನಿಮಿಷಕ್ಕೊಮ್ಮೆ ಲಾರಿಯ ವೈರ್‌ಲೆಸ್ ರೇಡಿಯೊದಲ್ಲಿ: "ಜೋಲೀನ್, ಹೆಸರು ಬಂತೇನೇ?"

"ಇಲ್ಲ ಮಾರಾಯ."

"ಸದ್ಯ."

ಹಿಂದಿನ ಲಾರಿಯ ಎಮಿಲ್ ಮುದುಕ ಕಿಟಕಿಗೆ ಬಂದು ಇಣುಕಿದ. "ಏನ್ ತಾಯಿ, ಮಗ ಎಷ್ಟು ಅಂಕ ಹೊಡ್ದ?"

"ಅವನ ಹೆಸರೇ ಬಂದಿಲ್ಲ."

"ಅಯ್ಯೋ ಪಾಪ. ಮುಂದಿನ ವರ್ಷ ಬರ್ಬೋದು ಬಿಡು."

ಇವನಿಗೆ ಬಿಡಿಸಿ ಹೇಳುವುದಕ್ಕಿಂತ ಲಾರಿಯ ಜೋಳ ಎಣಿಸುವುದು ಸುಲಭ.

3.25

13–10, ನಾವು ಮುಂದೆ. ಇನ್ನು ಅರ್ಧ ನಿಮಿಷ. ಚೆಂಡು ನಮ್ಮದೇ ಗೆರೆಯ ಹತ್ತಿರ, ದೂರಕ್ಕೆ ಒದ್ದು ಕಳಿಸಲೇಬೇಕು. ಅದೇ ಜಾಗ, ಅದೇ ಎಸೆತ. ಪುಟದ ಚಕ್ರ ತಿರುಗಿತು, ತಿರುಗಿತು... ಹೊಸ ಸಾಲಿನ ತುದಿಯಲ್ಲಿ ಒಂದೇ ಪದ ಕಂಡಿತು. ಕೋಲ್ಬಿ. ಅಷ್ಟರಲ್ಲಿ ಹಾಸಿಗೆ.

ಗೋದಾಮಿನವನು ಸಿಳ್ಳೆ ಹೊಡೆದ. "ಮುಂದಕ್ಕೆ ತಗೊಳ್ರೀ! ಇಲ್ಲೇ ಬಿಡಾರ ಹೂಡಿದ್ರಾ?"

ತಗಡಿನ ಮಾಡಿನ ಕೆಳಗೆ ಸಿಗ್ನಲ್ ಇಲ್ಲ, ಫೋನ್ ಸತ್ತ ಹಾಗೆ. ಜೋಳ ಸುರಿಯುತ್ತಲೇ ಇತ್ತು, ಒಂದೊಂದು ಕಾಳೂ ಬೇಕೆಂದೇ ನಿಧಾನಿಸಿದ ಹಾಗೆ.

3.40

ಹೊರಗೆ ಬಂದು ರಸ್ತೆ ಬದಿ ನಿಲ್ಲಿಸಿದೆ. ಪುಟ ನೋಡಲು ಧೈರ್ಯವಿಲ್ಲ. ರೇಡಿಯೊದಲ್ಲಿ ಮಿಲೊಗೆ ಹೇಳಿದೆ, "ಹೆಸರು ಬಂತು."

ಅಲ್ಲಿ ಯಂತ್ರ ನಿಂತ ಸದ್ದು.

"ಎಲ್ಲಿಗೆ ಹೋಯ್ತು ಚೆಂಡು?"

"ನೋಡಿಲ್ಲ."

"ನೋಡೇ!"

ನೋಡಿದೆ. ಎಸೆತ ಸರಿ. ಒದೆತ ಸರಿ. ಚೆಂಡು ಹಿಡಿದ ಎದುರಾಳಿ ಎಲ್ಲರನ್ನೂ ತಪ್ಪಿಸಿಕೊಂಡು ಐವತ್ತು ಗಜ ಓಡಿ ಬಂದಿದ್ದಾನೆ. ಗೆರೆ ದಾಟಿ ಗೆಲ್ಲುವ ಮುನ್ನ ಅವನನ್ನು ಹಿಡಿದು ಕೆಡವಿದವನು: ಕೋಲ್ಬಿ. ಆಟ ಮುಗಿಯಿತು. 13–10.

ಓದಿ ಹೇಳಿದೆ. "ಇನ್ನೊಂದ್ಸಲ ಓದು," ಅಂದ ಮಿಲೊ. ಓದಿದೆ. ಮೂರನೆಯ ಸಲ ಕೇಳುವಷ್ಟರಲ್ಲಿ ಫೋನ್.

"ಅಮ್ಮಾ! ಪುಟ ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ," ಅಂದೆ. "ಏನಾಯ್ತು? ಮೊದಲಿಂದ ಹೇಳು —"