ಲ್ವಾನ್, ಸೇತುವೆ ಬಂತು

ಏಪ್ರಿಲ್ ೧೪

ಅಂಗಡಿ ತೆರೆದೆ. ಎರಡು ಸ್ಕೂಟರ್. ಒಂದಕ್ಕೆ ಬ್ರೇಕ್, ಇನ್ನೊಂದಕ್ಕೆ ಆಯಿಲ್. ಗಿರಾಕಿಗಳ ಜೊತೆ ಹರಟುತ್ತಿದ್ದವಳು ನನ್ನ ಹೆಂಡತಿ ಲ್ವಾನ್. ನಾನು ಸ್ಪ್ಯಾನರ್ ಹಿಡಿಯುವವನು. ಅವಳು ಹೋದ ಮೇಲೆ ಅವರೂ ಸುಮ್ಮನೆ ಕೂತು ಕಾಯುತ್ತಾರೆ... ಪಾಪ.

ಸಂಜೆ ಪುರೋಹಿತರ ಫೋನ್. ಶನಿವಾರ ಒಳ್ಳೆಯ ದಿನ. ಐದು ಗಂಟೆಯೊಳಗೆ ಅವಳ ಅಸ್ಥಿಯ ಭರಣಿ ಚೆಂಗ್‌ಗೊಂಗ್‌ನ ಅಸ್ಥಿಮಂದಿರ ಸೇರಬೇಕು. ಅಲ್ಲಿ, ತವರಿನ ಸಮುದ್ರ ಕಾಣುವ ಕಡೆ ಇಡಿ ಎಂದು ಅವಳೇ ಕೇಳಿದ್ದಳು.

"ಪ್ರತಿ ಸೇತುವೆಗೂ, ಪ್ರತಿ ಸುರಂಗಕ್ಕೂ ಅವಳ ಹೆಸರು ಹಿಡಿದು ಕೂಗಿ ಹೇಳಿ. ಹೇಳದೆ ದಾಟಿದ್ರೆ ಜೀವ ದಾರಿ ತಪ್ಪಿ ಅಲ್ಲೇ ನಿಂತುಬಿಡತ್ತೆ."

ಗೊತ್ತಿರುವುದೇ. ಅಪ್ಪನ ಅಸ್ಥಿ ತಂದಾಗ ಅಣ್ಣ ಕೂಗಿದ್ದ. ಈಗ ನನ್ನ ಸರದಿ. ನಮ್ಮೂರು ಹ್ವಾಲಿಯೆನ್‌ನಿಂದ ಅಲ್ಲಿಯವರೆಗೆ ಕರಾವಳಿಯುದ್ದಕ್ಕೂ ಸೇತುವೆಗಳೇ. ನನ್ನ ದನಿಯೋ, ಪಕ್ಕದವರಿಗೂ ಕೇಳಿಸದು.

ಏಪ್ರಿಲ್ ೧೮, ಶನಿವಾರ. ಬೆಳಿಗ್ಗೆ, ಪೆಟ್ರೋಲ್ ಬಂಕ್

ಡ್ರೈವಿಂಗ್ ನನ್ನದು. ಪಕ್ಕದಲ್ಲಿ ಮಗಳು ಯೀಜೆನ್, ಮಡಿಲಲ್ಲಿ ಭರಣಿ. ಇಬ್ಬರಿಗೂ ಸೇರಿ ಒಂದೇ ಸೀಟ್‌ಬೆಲ್ಟ್. ಹಿಂದೆ ಲ್ವಾನ್‌ಳ ಅಕ್ಕ ಖಿಮ್ ಅತ್ತಿಗೆ — ಊದುಬತ್ತಿ, ಹಣ್ಣು, ಬಾಯಿ ತುಂಬ ಮಾತು.

ಮೊದಲ ಸೇತುವೆ. "ಲ್ವಾನ್... ಸೇತುವೆ" ಎಂದೆ.

"ಏನಯ್ಯಾ ಅಹೋಕ್, ಸೊಳ್ಳೆಗೆ ಹೇಳ್ತಿದ್ದೀಯಾ? ಜೋರಾಗಿ ಕೂಗು!"

"ನೀವೇ ಕೂಗಿ, ಅತ್ತಿಗೆ."

"ನನ್ನ ಮಾತು ಬದುಕಿದ್ದಾಗ್ಲೇ ಕೇಳ್ಲಿಲ್ಲ ಅವಳು. ಈಗ ಕೇಳ್ತಾಳಾ?"

ಮಧ್ಯಾಹ್ನ, ಫೆಂಗ್‌ಬಿನ್

ಹಾರುಮೀನು ಹಾಕಿ ಹುರಿದ ಅನ್ನ. ಎರಡು ತಟ್ಟೆ ತಿಂದೆ. ತಿಂಗಳುಗಳ ನಂತರ.

ಸುರಂಗಗಳಲ್ಲಿ ದನಿ ಬಿಚ್ಚಿತು. ಕೂಗಿದ್ದು ತಿರುಗಿ ನನಗೇ ಕೇಳಿಸಿತು, ಚೆನ್ನಾಗಿತ್ತು. ಆಮೇಲೆ ಸೇತುವೆ ಇಲ್ಲದ ಕಡೆಯೂ ಹೇಳತೊಡಗಿದೆ. ಲ್ವಾನ್, ಎಡಕ್ಕೆ ನೋಡು, ಸಮುದ್ರಕ್ಕೆ ಇವತ್ತು ಮೂರು ಬಗೆಯ ನೀಲಿ. ಲ್ವಾನ್, ಆ ಮುದುಕಿ ಇನ್ನೂ ಅದೇ ತಿರುವಿನಲ್ಲಿ ಬಾಳೆಹಣ್ಣು ಮಾರುತ್ತಿದ್ದಾಳೆ.

"ಅಪ್ಪಾ, ಇಷ್ಟೊಂದು ಮಾತು ಎಲ್ಲಿ ಬಚ್ಚಿಟ್ಕೊಂಡಿದ್ದೆ?" ಎಂದಳು ಯೀಜೆನ್.

ಸಂಜೆ, ಚೆಂಗ್‌ಗೊಂಗ್, ಅತ್ತಿಗೆಯ ಮನೆ

ತಪ್ಪಾಗಿದ್ದು ಹೀಗೆ. ಊಟ ಮುಗಿಸಿ ಹೊರಟ ಮೇಲೆ ಕಾರಿನಲ್ಲಿ ಅತ್ತಿಗೆ ನಮ್ಮ ಮದುವೆಯ ಕಥೆ ಶುರು ಮಾಡಿದರು. ಮದುಮಗಳು ತವರು ಬಿಡುವಾಗ ಕಾರಿನ ಕಿಟಕಿಯಿಂದ ಬೀಸಣಿಗೆ ಎಸೆಯಬೇಕಲ್ಲ, ಕೆಟ್ಟ ಸಿಟ್ಟೆಲ್ಲ ತವರಲ್ಲೇ ಉಳಿಯಲಿ ಎಂದು. ಲ್ವಾನ್ ಎಸೆದಳು. ನಾನೂ ನೋಡಿದ್ದೇನೆ.

"ನೀನು ನೋಡಿದ್ದು ಅಷ್ಟೇ. ಮೂಲೆ ಅಂಗಡಿ ಹತ್ರ ಕಾರು ನಿಂತಿತ್ತಲ್ಲ, ಆಗ ನನ್ನ ಕಳಿಸಿ ಅದನ್ನ ವಾಪಸ್ ತರಿಸ್ಕೊಂಡ್ಳು. ಹೊಸಾ ಬೀಸಣಿಗೆ ಅಕ್ಕಾ, ಯಾಕೆ ದಂಡ ಅಂತ!"

"ಅದಕ್ಕೇ!" ಎಂದು ಕಿರುಚಿದೆ. "ಸಿಟ್ಟು ಪೂರ್ತಿ ನನ್ನ ಮನೆಗೇ ಬಂದಿತ್ತು!"

ನಕ್ಕೆವು. ಯೀಜೆನ್ ಭರಣಿ ತಬ್ಬಿಕೊಂಡು ನಕ್ಕಳು. ಬಹಳ ದೂರ ಬಂದ ಮೇಲೆ ಅವಳ ನಗು ನಿಂತಿತು.

"ಅಪ್ಪಾ... ನದಿ ಸಮುದ್ರ ಸೇರೋ ಕಡೆ, ಕೆಂಪು ಸೇತುವೆ. ಕೂಗಿದ್ವಾ?"

ಕೂಗಿರಲಿಲ್ಲ. ಇಷ್ಟು ದೂರ ತಂದು, ನಗುತ್ತಾ ಅವಳನ್ನು ಅಲ್ಲೇ ಬಿಟ್ಟು ಬಂದಿದ್ದೆ. ಕಾರು ತಿರುಗಿಸಿದೆ.

ಸೇತುವೆಯ ಆಚೆ ತುದಿಯಲ್ಲಿ ನಿಂತು, ಎರಡು ನಾಣ್ಯ ನೆಲಕ್ಕೆ ಹಾಕಿ ಲ್ವಾನ್‌ಳನ್ನೇ ಕೇಳಿದೆವು. ಒಂದು ತಲೆ, ಒಂದು ಬೆನ್ನು ಬಿದ್ದರೆ ಹೂಂ. ಎರಡೂ ಬೆನ್ನು, ಬೇಡ. ಎರಡೂ ತಲೆ, ನಗುತ್ತಿದ್ದಾಳೆ.

"ಲ್ವಾನ್, ಕಾರು ಹತ್ತು, ಹೋಗೋಣ." ಬೇಡ.

"ಕೋಪ ಬಂತೇನೇ?" ಅತ್ತಿಗೆ ಕೇಳಿದರು. ನಗು.

"ಹಸಿವಾ?" ಬೇಡ.

ರಸ್ತೆ ಬದಿ ಒಣಮೀನು ಮಾರುವ ಹೆಂಗಸು ಎದ್ದು ಬಂದಳು. "ಬಿಟ್ಟು ಹೋಗಿದ್ರಾ? ಯೋಚ್ನೆ ಬಿಡಿ. ಇಲ್ಲೊಬ್ರು ಅತ್ತೇನ ಬೇಕಂತ್ಲೇ ಬಿಟ್ಟು ಹೋಗಿದ್ರು. ಅತ್ತೆ ಅವರಿಗಿಂತ ಮುಂಚೆ ಮನೇಲಿದ್ಳಂತೆ!"

ಯಾರಿಗೂ ನಗು ತಡೆಯಲಾಗಲಿಲ್ಲ. ಯೀಜೆನ್ ನಾಣ್ಯ ತೆಗೆದುಕೊಂಡಳು. "ಅಮ್ಮಾ, ಅಪ್ಪನ ಜೊತೆ ನಡ್ಕೊಂಡು ದಾಟ್ತೀಯಾ?"

ಒಂದು ತಲೆ. ಒಂದು ಬೆನ್ನು.

ಭರಣಿ ನಾನು ಎತ್ತಿಕೊಂಡೆ. ಭರಣಿಗೆ ಬಿಸಿಲು ತಾಗದಂತೆ ಅತ್ತಿಗೆ ಕಪ್ಪು ಛತ್ರಿ ಹಿಡಿದರು, ಗಾಳಿ ಅದನ್ನು ಕಿತ್ತುಕೊಳ್ಳಲು ನೋಡುತ್ತಿತ್ತು. ಹಿಂದೆ ಯೀಜೆನ್, ಲೈಟು ಮಿಟುಕಿಸುತ್ತಾ ಕಾರು ತರುತ್ತಿದ್ದಳು. ಲಾರಿಯವನೊಬ್ಬ ನಿಧಾನ ಮಾಡಿ ಟೋಪಿ ತೆಗೆದ. "ಲ್ವಾನ್, ಸೇತುವೆ ಬಂತು! ದಾಟುತ್ತಿದ್ದೇವೆ!" ಸೇತುವೆಯ ಕಮಾನಿನ ಕೆಳಗೆಲ್ಲ ನನ್ನ ದನಿಯೇ. ನಡುಸೇತುವೆಯಲ್ಲಿ ನಿಂತು, ಇಷ್ಟು ವರ್ಷ ಹೇಳದ ಒಂದು ಮಾತು ಹೇಳಿದೆ. ಅತ್ತಿಗೆ ಮುಖ ಸಮುದ್ರದ ಕಡೆ ತಿರುಗಿಸಿಕೊಂಡರು.

ಈಚೆ ತುದಿಯಲ್ಲಿ ಮತ್ತೆ ಕೇಳಿದೆವು. ಬಂದೆಯಾ? ಮೊದಲ ಸಲಕ್ಕೇ ಹೂಂ.

ಆಮೇಲೆ ಕಾರು ಓಡಿಸಿದ್ದು ನನಗೇ ಸರಿಯಾಗಿ ನೆನಪಿಲ್ಲ. ಐದಕ್ಕೆ ಸ್ವಲ್ಪ ಮುಂಚೆ ತಲುಪಿದೆವು. ಕಾವಲುಗಾರ ಬೀಗ ಹಿಡಿದು ನಿಂತಿದ್ದ. ಕಿಟಕಿ ಪಕ್ಕದ ಗೂಡು. ಬಂದರು ಕಾಣುತ್ತದೆ, ಅದರಾಚೆ ನೀರು. ಬೆವರು, ಉಪ್ಪು, ಕಾಲಿನ ನೋವು... ಎಲ್ಲ ಹಿತವಾಗಿತ್ತು.

ಏಪ್ರಿಲ್ ೧೯, ಬೆಳಿಗ್ಗೆ

ದೋಣಿಗಳು ಬಂದಿವೆ. ಅತ್ತಿಗೆ ಗಂಜಿಗೆ ಇಟ್ಟಿದ್ದಾರೆ. ಯೀಜೆನ್ ಎದ್ದು ಬಂದು ಎದುರಿಗೆ ಕುರ್ಚಿ ಎಳೆದುಕೊಂಡಳು.

"ಅಲ್ಲಿ ಅಮ್ಮಂಗೆ ಏನು ಹೇಳ್ದೆ ಅಪ್ಪಾ? ಕಾರಲ್ಲಿ ನಂಗೆ ಕೇಳಿಸ್ಲೇ ಇಲ್ಲ."

ನಿನ್ನೆಯಿಂದ ಇದೇ ಪ್ರಶ್ನೆ. ಇಲ್ಲಿ ಬರೆದಿಡೋಣ ಎಂದು ಕೂತಿದ್ದೆ. ಬೇಡ. ಅವಳು ಕಾಯುತ್ತಿದ್ದಾಳೆ. ಪೆನ್ನು ಇಡುತ್ತೇನೆ, ಬಾಯಿಬಿಟ್ಟೇ ಹೇಳುತ್ತೇನೆ.