ಕೆಂಚನ ಹುರುಳಿ

ಕಿಲ್ಬರ್ನ್, ಅಡಿಲೇಡ್
೧೬-೬-೨೦೧೪

ಅಕ್ಕಾ, ನಿನ್ನ ತಮ್ಮನ ನಮಸ್ಕಾರ. ನಿನ್ನೆ ನಿನ್ನ ಮಗಳು ಗೌತಮಿ ಇಲ್ಲೊಬ್ಬ ಇಂಗ್ಲಿಷ್ ದೊರೆಯ ಹಳೇ ಬಂಗಲೆ ತೋರಿಸಿದಳು. ಅಲ್ಲಿ ಪಾರಿವಾಳಕ್ಕೇ ಒಂದು ಕಲ್ಲಿನ ಗೋಪುರ, ಒಳಗೋಡೆಯ ತುಂಬ ದೀಪವಿಡುವಂಥ ಗೂಡುಗಳು. ಗುಡಿಯೆಂದು ಚಪ್ಪಲಿ ಬಿಟ್ಟು ಕೈಮುಗಿದೆ.

"ಮಾವ, ಅದು ತಿನ್ನೋಕೆ ಪಾರಿವಾಳದ ಮರಿ ಸಾಕ್ತಿದ್ದ ಜಾಗ!" ಎಂದು ಗೌತಮಿ ನಕ್ಕಳು.

ಪಕ್ಕದ ಲಾಯದಲ್ಲಿ ಲಾಳ ಕಟ್ಟುವುದರ ಬಗ್ಗೆ ಗೈಡಮ್ಮನಿಗೇ ನಾನು ಪಾಠ ಹೇಳಿದೆ. ಆಯಮ್ಮ ಗೋಡೆಯ ಮೇಲಿದ್ದ ಕುದುರೆಗಳ ಹೆಸರು ತೋರಿಸಿ, ಮುದಿಯಾದವನ್ನು ಗುಂಡು ಹೊಡೆದು ಹಿತ್ತಲಲ್ಲೇ ಹೂಳುತ್ತಿದ್ದರು ಎಂದಳು.

"ನಮ್ಮ ಕೆಂಚ ಪುಣ್ಯವಂತ, ಮಠದಲ್ಲಿ ಆರಾಮಾಗಿದಾನೆ, ಅಲ್ವಾ ಮಾವ?" ಎಂದಳು ಗೌತಮಿ.

ಅಕ್ಕಾ, ಫೋನಿನಲ್ಲಿ ಹೇಳುವ ಧೈರ್ಯವಿಲ್ಲ. ಭಾವ ತೀರಿಕೊಂಡ ಮೇಲೆ ಅವರ ಜಟಕಾ ಕುದುರೆಯನ್ನು ಮಠಕ್ಕೆ ಬಿಟ್ಟೆನೆಂದದ್ದು ಸುಳ್ಳು. ಇಟ್ಟಿಗೆ ಭಟ್ಟಿಯವನಿಗೆ ಮಾರಿದೆ. ಆ ಕುಂಟುಗಾಲಲ್ಲಿ ಇಟ್ಟಿಗೆ ಹೊತ್ತು ತಿಂಗಳೊಳಗೆ ಕೆಂಚ ಸತ್ತ. ಎಲ್ಲಿ ಎಸೆದರೆಂದು ನಾನು ಕೇಳಲಿಲ್ಲ.

ಇಲ್ಲಿ ಚಳಿ, ಆದರೂ ನನ್ನ ಆರೋಗ್ಯ ಗಟ್ಟಿಯಾಗಿದೆ. ಸೋಮವಾರ ಸೋಮವಾರ ಕೆಂಚನಿಗೆಂದು ನೀನು ನನ್ನ ಕೈಲಿ ಮಠಕ್ಕೆ ಕೊಟ್ಟು ಕಳಿಸುತ್ತಿದ್ದ ಹುರುಳಿಯನ್ನು ಸಾರು ಮಾಡಿಸಿ ತಿಂದವನು ನಾನೇ. ನಾನು ಬರುವ ತನಕ ಅಳೆದು ಕೂಡಿಡುತ್ತಿದ್ದರೆ, ನಿಲ್ಲಿಸು.

ಕಾರ್ಡು ತುಂಬಿತು.
ಚೆಲುವಯ್ಯ